ಮನೆಯ ಸ್ಟುಡಿಯೊಗೆ ಡಿಜಿಟಲ್ ಮಿಕ್ಸರ್: ಮೊದಲು ಮೈಕ್ ಎಣಿಸಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯ 12×14 ಅಡಿ ಕೋಣೆಯೊಂದರಲ್ಲಿ ಸಣ್ಣ ಸ್ಟುಡಿಯೊ ಮಾಡಿಕೊಂಡಿದ್ದೇನೆ. ವಾರದ ದಿನಗಳಲ್ಲಿ ಸುಗಮ ಸಂಗೀತದವರು ಒಬ್ಬರೋ ಇಬ್ಬರೋ ಬಂದು ಟ್ರ್ಯಾಕಿಗೆ ಹಾಡಿ ಹೋಗುತ್ತಾರೆ. ತಿಂಗಳಿಗೊಮ್ಮೆ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ಇರುತ್ತದೆ. ಹಾಡು, ವಾದ್ಯದ ಪೂರ್ತಿ ಹಿಮ್ಮೇಳ, ಪಾತ್ರವಾಗಿ ಮಾತಾಡುವ ನಾಲ್ವರು ಅರ್ಥಧಾರಿಗಳು. ಸದ್ಯ ನನ್ನಲ್ಲಿರುವುದು ಎರಡು ಚಾನೆಲ್ಲಿನ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ), ವಿಂಡೋಸ್ ಲ್ಯಾಪ್‌ಟಾಪ್, ಎರಡು ಕಂಡೆನ್ಸರ್ ಮೈಕ್, ನಾಲ್ಕು ಡೈನಾಮಿಕ್ ಮೈಕ್. ಒಟ್ಟು ಒಂದೂವರೆ ಲಕ್ಷ ಖರ್ಚು ಮಾಡಬಲ್ಲೆ. ಹುಬ್ಬಳ್ಳಿಯ ಸೌಂಡ್ ಸರ್ವಿಸ್‌ನವರೊಬ್ಬರು ತಮ್ಮ ಹಳೆಯ ಬೆರಿಂಜರ್ ಎಕ್ಸ್ 32 ಕೊಡುತ್ತೇನೆ ಎನ್ನುತ್ತಿದ್ದಾರೆ. ಡಿಜಿಟಲ್ ಮಿಕ್ಸರ್ ನಿಜಕ್ಕೂ ಬೇಕೇ, ಎಂಟು ಚಾನೆಲ್ ಇಂಟರ್‌ಫೇಸ್ ಸಾಲದೇ? ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬ ಲೆಕ್ಕದಲ್ಲಿ 96 ಕಿಲೋಹರ್ಟ್ಸ್ ಇರಲೇಬೇಕೇ? ಅದೇ ಮಿಕ್ಸರನ್ನು ಹೊರಗಿನ ಕಾರ್ಯಕ್ರಮಕ್ಕೂ ಒಯ್ಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಮಾಹಿತಿಯೆಲ್ಲ ಇದೆ. ಮಿಕ್ಸರ್ ಕೊಳ್ಳಬೇಕು ಎನ್ನುವವರಲ್ಲಿ ಹೆಚ್ಚಿನವರು ಯಾವ ಕಂಪನಿ ಒಳ್ಳೆಯದು ಎಂದು ಕೇಳುತ್ತಾರೆ. ಕೋಣೆಯಲ್ಲಿ ಏಕಕಾಲಕ್ಕೆ ಎಷ್ಟು ಜನ ಕೂರುತ್ತಾರೆ ಎಂದು ಹೇಳುವುದಿಲ್ಲ. ನೀವು ಅದನ್ನೇ ಮೊದಲು ಬರೆದಿದ್ದೀರಿ. ಹಾಗಾಗಿ ಎಣಿಕೆಯಿಂದಲೇ ಶುರು ಮಾಡೋಣ.

ತಾಳಮದ್ದಳೆಯ ದಿನ ಪದ್ಯ ಹಾಡುವ ಭಾಗವತರಿಗೆ ಒಂದು ಮೈಕ್. ಅವರ ಕೈಯ ತಾಳವೂ ಅದರಲ್ಲೇ ಬರುತ್ತದೆ, ಬೇಡವೆಂದರೂ ಬರುತ್ತದೆ. ಮದ್ದಳೆಗೆ ಎರಡು, ಬಲಕ್ಕೊಂದು ಎಡಕ್ಕೊಂದು. ಚಂಡೆಗೆ ಒಂದು. ಶ್ರುತಿ ಪೆಟ್ಟಿಗೆಯಿಂದ ಒಂದು ಲೈನ್. ಅರ್ಥಧಾರಿಗಳಿಗೆ ನಾಲ್ಕು. ಇಲ್ಲಿಗೆ ಒಂಬತ್ತಾಯಿತು. ಕೋಣೆಯ ಒಟ್ಟು ನಾದ ಹಿಡಿಯಲು ಒಂದು ಜೋಡಿ ಮೈಕ್ ಇಟ್ಟರೆ ಹನ್ನೊಂದು. ಯಾವುದೋ ಚಾನೆಲ್ ಕೈಕೊಟ್ಟರೆ, ಐದನೆಯ ಅರ್ಥಧಾರಿ ಬಂದು ಕೂತರೆ ಎಂದು ಎರಡು ಸೇರಿಸಿ. ಹದಿಮೂರು. ಅಂದರೆ ನಿಮಗೆ ಬೇಕಾದದ್ದು ಹದಿನಾರು ಮೈಕ್ ಪ್ರೀಆಂಪ್ (ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಭಾಗ) ಇರುವ ಸಾಧನ. ಎಂಟು ಸಾಲುವುದಿಲ್ಲ, ಮೂವತ್ತೆರಡು ಬೇಕಿಲ್ಲ.

ಎಂಟು ಚಾನೆಲ್ ಇಂಟರ್‌ಫೇಸನ್ನು ಹದಿನಾರಕ್ಕೆ ಏರಿಸುವ ದಾರಿಯೂ ಇದೆ. ಫೋಕಸ್‌ರೈಟ್ ಸ್ಕಾರ್ಲೆಟ್ 18ಐ20ಯಂಥ ಇಂಟರ್‌ಫೇಸಿನ ಹಿಂದೆ ಎಡ್ಯಾಟ್ ಎಂಬ ಆಪ್ಟಿಕಲ್ ಪೋರ್ಟ್ ಇರುತ್ತದೆ. ಎಸ್-ವಿಎಚ್‌ಎಸ್ ಕ್ಯಾಸೆಟ್ಟಿನ ಮೇಲೆ ಎಂಟು ಟ್ರ್ಯಾಕ್ ರೆಕಾರ್ಡ್ ಮಾಡುತ್ತಿದ್ದ ಅಲೆಸಿಸ್ ಕಂಪನಿಯ ಯಂತ್ರದ ಹೆಸರದು. ಯಂತ್ರ ಹೋಯಿತು, ಪೋರ್ಟ್ ಉಳಿಯಿತು. 48 ಕಿಲೋಹರ್ಟ್ಸ್‌ನಲ್ಲಿ ಆ ಒಂದು ತಂತಿಯ ಮೇಲೆ ಇನ್ನೂ ಎಂಟು ಚಾನೆಲ್ ತರಬಹುದು. ಆದರೆ ಅದಕ್ಕೆ ಎಂಟು ಪ್ರೀಆಂಪಿನ ಇನ್ನೊಂದು ಪೆಟ್ಟಿಗೆ ಬೇಕು. ಎರಡೂ ಸೇರಿದರೆ ಖರ್ಚು ಮಿಕ್ಸರಿನ ಹತ್ತಿರವೇ ಹೋಗಿ ನಿಲ್ಲುತ್ತದೆ. ಮೇಲಾಗಿ ಹೊರಗಿನ ಕಾರ್ಯಕ್ರಮಕ್ಕೆ ಅದು ಬರುವುದಿಲ್ಲ. ನೀವು ಬರೀ ಸುಗಮ ಸಂಗೀತ ಮಾಡುವವರಾಗಿದ್ದರೆ ಮಿಕ್ಸರೂ ಬೇಡ, ಎಂಟು ಚಾನೆಲ್ಲೂ ಬೇಡ, ಈಗಿರುವ ಎರಡು ಚಾನೆಲ್ಲೇ ಸಾಕು, ಹಣವನ್ನೆಲ್ಲ ಕೋಣೆಗೂ ಒಂದು ಒಳ್ಳೆಯ ಮೈಕಿಗೂ ಹಾಕಿ ಎನ್ನುತ್ತಿದ್ದೆ. ತಾಳಮದ್ದಳೆ ಇರುವುದರಿಂದ ನನ್ನ ಉತ್ತರ ಬೇರೆ.

ಮಿಕ್ಸರ್ ಬಂದರೆ ನಾದ ಚೆನ್ನಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಈ ಬೆಲೆಯ ಡಿಜಿಟಲ್ ಮಿಕ್ಸರಿನ ಪ್ರೀಆಂಪಿಗೂ ನಿಮ್ಮ ಇಂಟರ್‌ಫೇಸಿನ ಪ್ರೀಆಂಪಿಗೂ ಕೇಳಿದರೆ ಗುರುತಾಗುವಷ್ಟು ಅಂತರ ಇರುವುದಿಲ್ಲ. ಮಿಕ್ಸರ್ ಕೊಡುವುದು ಬೇರೆಯದನ್ನು. ಹಾಡುವವರ ಕಿವಿಗೆ ತಡವಿಲ್ಲದೆ ಅವರದೇ ದನಿ, ಪ್ರತಿಯೊಬ್ಬರಿಗೂ ಬೇಕಾದ ಹಾಗೆ ಹೆಡ್‌ಫೋನ್ ಮಿಕ್ಸ್, ಒಮ್ಮೆ ಹೊಂದಿಸಿದ್ದನ್ನು ಮುಂದಿನ ತಿಂಗಳು ಒಂದು ಗುಂಡಿಯಲ್ಲಿ ವಾಪಸ್ ತರುವ ಸೌಕರ್ಯ, ಎಲ್ಲಕ್ಕಿಂತ ಮುಖ್ಯವಾಗಿ, ಕೆಲವು ಮಿಕ್ಸರುಗಳಲ್ಲಿ, ಲ್ಯಾಪ್‌ಟಾಪ್ ನಿಂತರೂ ನಿಲ್ಲದ ರೆಕಾರ್ಡಿಂಗ್.

ತಡದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಸುಗಮ ಸಂಗೀತದ ಕೆಲಸಕ್ಕೆ ಇದೇ ಮುಖ್ಯ. ಗಾಯಕಿ ಹೆಡ್‌ಫೋನ್ ಹಾಕಿಕೊಂಡು ಟ್ರ್ಯಾಕಿಗೆ ಹಾಡುತ್ತಿದ್ದಾರೆ ಎಂದುಕೊಳ್ಳಿ. ದನಿ ಮೈಕಿನಿಂದ ಇಂಟರ್‌ಫೇಸಿಗೆ, ಅಲ್ಲಿಂದ ಕಂಪ್ಯೂಟರಿನ ಒಳಹೊಕ್ಕು, ರೀವರ್ಬ್ ಎಂಬ ಸಭಾಂಗಣದಂಥ ಅನುರಣನ ಹಚ್ಚಿಕೊಂಡು ಮತ್ತೆ ಹೊರಬಂದು ಅವರ ಕಿವಿ ತಲುಪುತ್ತದೆ. ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕು, ಅಂದರೆ ಬಫರ್, 256 ಸ್ಯಾಂಪಲ್ ಇದ್ದರೆ 48 ಕಿಲೋಹರ್ಟ್ಸ್‌ನಲ್ಲಿ ಒಳಹೋಗಲು 5.3 ಮಿಲಿಸೆಕೆಂಡ್, ಹೊರಬರಲು ಅಷ್ಟೇ. ಯುಎಸ್‌ಬಿ ಮತ್ತು ಕನ್ವರ್ಟರಿನ ಪಾಲು ಸೇರಿದರೆ ಹನ್ನೆರಡು ದಾಟುತ್ತದೆ. ಶಬ್ದ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಅವರ ದನಿಯನ್ನು ನಾಲ್ಕು ಮೀಟರ್ ದೂರದಲ್ಲಿ ನಿಂತು ಯಾರೋ ಅವರಿಗೆ ಕೇಳಿಸಿದ ಹಾಗೆ. ಸ್ಪೀಕರಿನಲ್ಲಾದರೆ ಅಷ್ಟು ತಡ ಯಾರನ್ನೂ ಕಾಡುವುದಿಲ್ಲ. ಹೆಡ್‌ಫೋನಿನಲ್ಲಿ ಕಾಡುತ್ತದೆ, ಏಕೆಂದರೆ ಹಾಡುವವರಿಗೆ ತಮ್ಮ ದನಿ ತಲೆಬುರುಡೆಯ ಮೂಲಕ ಮೊದಲೇ ಕೇಳಿರುತ್ತದೆ. ಎರಡೂ ಒಂದರ ಮೇಲೊಂದು ಬಿದ್ದಾಗ ದನಿ ಟೊಳ್ಳಾಗುತ್ತದೆ. ಹಾಡುವವರು ಕಾರಣ ತಿಳಿಯದೆ "ಯಾಕೋ ಶ್ರುತಿ ಸಿಗ್ತಾ ಇಲ್ಲ" ಎನ್ನುತ್ತಾರೆ. ಆ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೆಡ್‌ಫೋನಿನ ಒಂದು ಕಿವಿ ಸರಿಸಿ ಹಾಡಲು ಶುರು ಮಾಡಿದರೆ ಸಾಕು, ತೊಂದರೆ ತಡದ್ದೆಂದು ನನಗೆ ಗೊತ್ತಾಗುತ್ತದೆ.

ಇಂಟರ್‌ಫೇಸಿನಲ್ಲೂ ಡೈರೆಕ್ಟ್ ಮಾನಿಟರಿಂಗ್, ಅಂದರೆ ದನಿ ಕಂಪ್ಯೂಟರಿಗೆ ಹೋಗದೆ ನೇರ ಕಿವಿಗೆ ಬರುವ ಏರ್ಪಾಡು, ಇದೆಯಲ್ಲ ಎನ್ನಬಹುದು. ಇದೆ, ಆದರೆ ಸಾಮಾನ್ಯವಾಗಿ ಅದು ಬೋಳು ದನಿ. ರೀವರ್ಬ್ ಇಲ್ಲದೆ ಭಾವಗೀತೆ ಹಾಡಲು ಹೇಳಿ ನೋಡಿ, ದೀರ್ಘಸ್ವರದಲ್ಲಿ ನಿಲ್ಲಲು ಅವರಿಗೆ ಧೈರ್ಯ ಬರುವುದಿಲ್ಲ. ಸಾಲಿನ ಕೊನೆಗಳೆಲ್ಲ ಮೊಟಕಾಗುತ್ತವೆ. ಡಿಜಿಟಲ್ ಮಿಕ್ಸರಿನಲ್ಲಿ ದನಿ ಕಂಪ್ಯೂಟರಿಗೆ ಹೋಗುವ ಮೊದಲೇ ಕವಲೊಡೆಯುತ್ತದೆ. ಒಂದು ಕವಲು ಬೋಳಾಗಿಯೇ ರೆಕಾರ್ಡ್ ಆಗುತ್ತದೆ. ಇನ್ನೊಂದು ಮಿಕ್ಸರಿನದೇ ರೀವರ್ಬ್ ಹೊತ್ತು ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಕಿವಿಗೆ ಬರುತ್ತದೆ. ಹಾಡುವವರಿಗೆ ಸಭಾಂಗಣದಲ್ಲಿ ನಿಂತ ಅನುಭವ, ನಿಮ್ಮ ಟ್ರ್ಯಾಕಿನಲ್ಲಿ ಮಾತ್ರ ಶುದ್ಧ ದನಿ. ರೀವರ್ಬ್ ಎಷ್ಟು ಬೇಕೆಂದು ಆಮೇಲೆ ನಿಧಾನವಾಗಿ ಕೂತು ನಿರ್ಧರಿಸಬಹುದು.

ಇಲ್ಲೇ ಒಂದು ಎಚ್ಚರಿಕೆ. ಯುಎಸ್‌ಬಿಗೆ ಹೋಗುವ ಸಂಕೇತ ಚಾನೆಲ್ಲಿನ ಯಾವ ಹಂತದಿಂದ ಕವಲೊಡೆಯಬೇಕು ಎಂಬುದನ್ನು ಹೆಚ್ಚಿನ ಮಿಕ್ಸರುಗಳಲ್ಲಿ ಮೆನುವಿನಲ್ಲಿ ಆರಿಸಬಹುದು: ಪ್ರೀಆಂಪ್ ದಾಟಿದ ಕೂಡಲೇ, ಇಲ್ಲವೇ ನಾದ ತಿದ್ದುವ ಈಕ್ಯೂ, ಏರಿಳಿತ ತಗ್ಗಿಸುವ ಕಂಪ್ರೆಸರ್ ಎಲ್ಲ ಆದ ಮೇಲೆ. ಈ ಒಂದು ಆಯ್ಕೆ ನೋಡದೆ ಕೆಲಸ ಹಾಳಾದದ್ದನ್ನು ಕಂಡಿದ್ದೇನೆ. ಅರ್ಥಧಾರಿಯ ಮೈಕಿಗೆ ಹಾಕಿದ ಗೇಟ್ (ದನಿ ತಗ್ಗಿದಾಗ ಮೈಕ್ ಮುಚ್ಚುವ ಸೌಕರ್ಯ) ರೆಕಾರ್ಡಿಂಗಿಗೂ ಹೋಗಿ, ಅವರು ದನಿ ತಗ್ಗಿಸಿದ ಕಡೆಯೆಲ್ಲ ಮಾತಿನ ಬಾಲ ಕತ್ತರಿಸಿ ಹೋಗಿತ್ತು. ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ಪ್ರೀಆಂಪ್ ದಾಟಿದ ಕೂಡಲೇ ಎಂಬ ಆಯ್ಕೆಯನ್ನೇ ಇಟ್ಟುಕೊಳ್ಳಿ. ಗೇಟ್ ಹಾಕಲೇಬೇಡಿ.

ಈಗ ಯಾವ ಮಿಕ್ಸರ್ ಎಂಬ ಪ್ರಶ್ನೆ. ಹದಿನಾರು ಪ್ರೀಆಂಪಿನ ವರ್ಗದಲ್ಲಿ ನಿಮ್ಮಂಥವರಿಗೆ ಒದಗುವವು ಕೆಲವೇ. ಬೆರಿಂಜರ್ ಎಕ್ಸ್‌ಆರ್ 18 ಅತಿ ಸಾಮಾನ್ಯ. ಮೈಡಾಸ್ ವಿನ್ಯಾಸದ ಹದಿನಾರು ಪ್ರೀಆಂಪ್, ಎರಡು ಲೈನ್ ಇನ್‌ಪುಟ್, ಕಂಪ್ಯೂಟರಿಗೆ 18 ಚಾನೆಲ್ ಹೋಗುತ್ತವೆ, 18 ವಾಪಸ್ ಬರುತ್ತವೆ. ದನಿ ಏರಿಸಿ ಇಳಿಸುವ ಜಾರುಗುಂಡಿ, ಅಂದರೆ ಫೇಡರ್ ಇಲ್ಲ, ಪರದೆ ಇಲ್ಲ. ಎಲ್ಲವೂ ಟ್ಯಾಬ್ಲೆಟ್ ಇಲ್ಲವೇ ಲ್ಯಾಪ್‌ಟಾಪಿನಿಂದ. ಅದರೊಳಗಿನ ವೈಫೈ ನಂಬಿ ಕೂರಬಾರದು, ಹೊರಗೆ ಒಂದು ರೌಟರ್ ಬೇಕೇ ಬೇಕು. ಕೊಟ್ಟ ಹಣಕ್ಕೆ ಇಷ್ಟು ಕೆಲಸ ಮಾಡುವ ಇನ್ನೊಂದು ಪೆಟ್ಟಿಗೆ ನಾನು ನೋಡಿಲ್ಲ. ಆದರೆ ಅದು ತಾನಾಗಿ ರೆಕಾರ್ಡ್ ಮಾಡುವುದಿಲ್ಲ. ಲ್ಯಾಪ್‌ಟಾಪ್ ನಿಂತರೆ ರೆಕಾರ್ಡಿಂಗ್ ನಿಂತಿತು.

ಸೌಂಡ್‌ಕ್ರಾಫ್ಟ್ ಯುಐ 24ಆರ್ ಹಾಗಲ್ಲ. ಇಪ್ಪತ್ತು ಮೈಕ್ ಪ್ರೀಆಂಪ್ ಇವೆ. ಕಂಪ್ಯೂಟರಿಗೆ 32 ಚಾನೆಲ್ ಹೋಗಿ ಬರುತ್ತವೆ. ಅದರ ಜೊತೆಗೆ ಯುಎಸ್‌ಬಿ ಡ್ರೈವ್ ಒಂದನ್ನು ಮಿಕ್ಸರಿಗೇ ಸಿಕ್ಕಿಸಿದರೆ 22 ಚಾನೆಲ್ ಬೇರೆಬೇರೆಯಾಗಿ ಅದರ ಮೇಲೂ ಇಳಿಯುತ್ತವೆ. ನಿಯಂತ್ರಣ ಬ್ರೌಸರಿನಲ್ಲಿ, ಯಾವ ಆ್ಯಪ್ ಕೂಡ ಬೇಡ. ಹಳೆಯ ಮಾನಿಟರ್ ಒಂದನ್ನು ಎಚ್‌ಡಿಎಂಐಯಲ್ಲಿ ಜೋಡಿಸಿ ಮೌಸ್ ಹಾಕಿದರೆ ವೈಫೈಯ ಗೊಡವೆಯೇ ಇಲ್ಲದೆ ಕೆಲಸ ಮಾಡಬಹುದು. ಮನೆಯಲ್ಲಿ ಒಂದೇ ಕಡೆ ಕೂತು ಕೆಲಸ ಮಾಡುವ ನಿಮಗೆ ಇದು ದೊಡ್ಡ ಅನುಕೂಲ.

ಅಲೆನ್ ಆ್ಯಂಡ್ ಹೀತ್ ಸಿಕ್ಯೂ 18ಟಿ 2023ರಲ್ಲಿ ಬಂದದ್ದು. ಏಳು ಇಂಚಿನ ಟಚ್ ಪರದೆ ಮೈಮೇಲೇ ಇದೆ, 96 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ, ಎಸ್‌ಡಿ ಕಾರ್ಡಿಗೂ ಮಲ್ಟಿಟ್ರ್ಯಾಕ್ ಬರೆಯುತ್ತದೆ. ಬಳಸಲು ಸುಖವಾದ ಯಂತ್ರ, ಆದರೆ ನಿಮ್ಮ ಬಜೆಟ್ಟಿನಲ್ಲಿ ಅದನ್ನು ಕೊಂಡರೆ ಮೈಕ್, ಯುಪಿಎಸ್‌ಗೆ ಏನೂ ಉಳಿಯದ ಭಯ ನನಗೆ. ಯಮಹಾ ಡಿಎಂ3 ಇನ್ನೂ ಮೇಲಿನದು, ಅದನ್ನು ಬಿಡಿ.

ಕೈಗೆ ಫೇಡರ್ ಬೇಕೇ ಬೇಕು ಎನ್ನುವವರು ಜೂಮ್ ಲೈವ್‌ಟ್ರ್ಯಾಕ್ ಎಲ್-20 ನೋಡುತ್ತಾರೆ. ಎಸ್‌ಡಿ ಕಾರ್ಡಿಗೆ ರೆಕಾರ್ಡಿಂಗ್, ಆರು ಬೇರೆ ಬೇರೆ ಹೆಡ್‌ಫೋನ್ ಮಿಕ್ಸ್. ಸ್ಟುಡಿಯೊ ದೃಷ್ಟಿಯಿಂದ ಜಾಣ ವಿನ್ಯಾಸ. ಆದರೆ ಕಂಪ್ಯೂಟರಿಗೆ 22 ಚಾನೆಲ್ ಕೊಟ್ಟು ವಾಪಸ್ ತೆಗೆದುಕೊಳ್ಳುವುದು ನಾಲ್ಕನ್ನು ಮಾತ್ರ. ಫೇಡರಿಗೆ ಮೋಟಾರ್ ಇಲ್ಲದ್ದರಿಂದ ಸೀನ್ (ಉಳಿಸಿಟ್ಟ ಹೊಂದಿಕೆ) ಬದಲಿಸಿದಾಗ ಅವು ಇದ್ದಲ್ಲೇ ಇರುತ್ತವೆ. ಪರದೆಗಿಂತ ಕೈಯ ಅಳತೆಯನ್ನೇ ನಂಬುವ ಹಿರಿಯರಿಗೆ ಇದನ್ನು ಧಾರಾಳವಾಗಿ ಹೇಳುತ್ತೇನೆ.

ನಿಮಗೆ ನನ್ನ ಸಲಹೆ ಸೌಂಡ್‌ಕ್ರಾಫ್ಟ್ ಯುಐ 24ಆರ್. ಅದು ಕೈಗೆಟುಕದಿದ್ದರೆ ಎಕ್ಸ್‌ಆರ್ 18, ಜೊತೆಗೆ ಸ್ಟೀರಿಯೊ ಮಿಕ್ಸನ್ನು ಬೇರೆಯಾಗಿ ಹಿಡಿಯುವ ಒಂದು ಚಿಕ್ಕ ಕೈ ರೆಕಾರ್ಡರ್. ರೆಕಾರ್ಡಿಂಗ್ ನಿಲ್ಲಬಾರದು ಎಂದು ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದಕ್ಕೆ ನನ್ನದೇ ಒಂದು ಅನುಭವ ಇದೆ.

ಕೆಲವು ವರ್ಷಗಳ ಹಿಂದೆ ಒಂದು ಮನೆಯ ಜಗಲಿಯಲ್ಲಿ ತಾಳಮದ್ದಳೆ ರೆಕಾರ್ಡ್ ಮಾಡುತ್ತಿದ್ದೆ. ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ಹದಿನಾಲ್ಕು ಟ್ರ್ಯಾಕ್. ಕರ್ಣನ ಅರ್ಥ ಹೇಳುತ್ತಿದ್ದ ಹಿರಿಯರು ಕುಂತಿಯ ಮುಂದೆ ಮಾತು ಕಟ್ಟುತ್ತಾ ಕಟ್ಟುತ್ತಾ ಒಂದು ಎತ್ತರಕ್ಕೆ ಹೋಗಿದ್ದರು. ಕೂತವರು ಉಸಿರು ಬಿಗಿಹಿಡಿದಿದ್ದರು. ಆಗ ಕರೆಂಟ್ ಒಂದು ಸೆಕೆಂಡ್ ಹೋಗಿ ಬಂತು. ಮನೆಯ ಇನ್ವರ್ಟರ್ ದೀಪವನ್ನು ಉಳಿಸಿತು. ಮಿಕ್ಸರ್ ಆರಿ ಮತ್ತೆ ಶುರುವಾಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು ನಿಜ, ಆದರೆ ಮಿಕ್ಸರ್ ಕಾಣೆಯಾದ ಕೂಡಲೇ ರೆಕಾರ್ಡಿಂಗ್ ಸಾಫ್ಟ್‌ವೇರ್ ನಿಂತುಬಿಟ್ಟಿತು. ನಾನು ಎಲ್ಲ ಸರಿಮಾಡಿ ಮತ್ತೆ ಒತ್ತುವಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಅವರು ಮಾತು ನಿಲ್ಲಿಸಲಿಲ್ಲ, ಅವರಿಗೆ ಮೈಕಿನ ಹಂಗಿರಲಿಲ್ಲ. ಆ ನಾಲ್ಕು ನಿಮಿಷ ಯಾವ ಡಿಸ್ಕಿನಲ್ಲೂ ಇಲ್ಲ. ಭಾವಗೀತೆಯಾದರೆ ಇನ್ನೊಮ್ಮೆ ಹಾಡಿ ಅನ್ನಬಹುದು. ಆಶುವಾಗಿ ಹುಟ್ಟಿದ ಅರ್ಥವನ್ನು ಇನ್ನೊಮ್ಮೆ ಹೇಳಿ ಅನ್ನಲು ಬರುವುದಿಲ್ಲ, ಅನ್ನಲೂ ಬಾರದು.

ಅದಕ್ಕೇ ನಿಮ್ಮ ಬಜೆಟ್ಟಿನಲ್ಲಿ ಯುಪಿಎಸ್ ಮಿಕ್ಸರಿನಷ್ಟೇ ಮುಖ್ಯ. ಇನ್ವರ್ಟರ್ ಇದೆ ಎಂದು ಸುಮ್ಮನಾಗಬೇಡಿ. ಇನ್ವರ್ಟರ್ ಬದಲಾಗುವ ಕ್ಷಣದಲ್ಲಿ ಮಿಕ್ಸರ್ ರೀಸ್ಟಾರ್ಟ್ ಆಗಬಹುದು, ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಗುಂಯ್‌ಗುಡುವಿಕೆ ಎಲ್ಲ ಮೈಕಿಗೂ ಸೇರಬಹುದು. ಸೈನ್ ವೇವ್ ಕೊಡುವ ಆನ್‌ಲೈನ್ ಯುಪಿಎಸ್ ತೆಗೆದುಕೊಳ್ಳಿ. ಅದರಲ್ಲಿ ಬದಲಾಗುವ ಕ್ಷಣವೇ ಇಲ್ಲ, ಸದಾ ಅದರ ಒಳಗಿನ ಇನ್ವರ್ಟರಿನ ಮೂಲಕವೇ ಕರೆಂಟ್ ಹೋಗುತ್ತಿರುತ್ತದೆ. ಅದಕ್ಕೆ ಫ್ಯಾನ್ ಇರುತ್ತದೆ, ಹಾಗಾಗಿ ಪಕ್ಕದ ಕೋಣೆಯಲ್ಲಿಟ್ಟು ತಂತಿ ಎಳೆಯಿರಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮಿಕ್ಸರ್, ಲ್ಯಾಪ್‌ಟಾಪ್, ಸ್ಪೀಕರ್ ಮೂರನ್ನೂ ಒಂದೇ ಯುಪಿಎಸ್‌ನಿಂದ, ಒಂದೇ ಬೋರ್ಡಿನಿಂದ ಕೊಡಿ; ಅರ್ಧ ಗುಂಯ್ ಅಲ್ಲೇ ಹೋಗುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದ ಕೂಡಲೇ ಶಬ್ದ ನಿಂತರೆ ತಪ್ಪು ಮಿಕ್ಸರಿನದ್ದಲ್ಲ ಎಂದು ತಿಳಿಯಿರಿ. ನಿಮ್ಮ ಕಡೆ ಗುಡುಗು ಮಿಂಚು ಜೋರು, ಮುಂಗಾರು ಹಿಡಿಯುವ ಮೊದಲಿನ ದಿನಗಳಲ್ಲಿ ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತೇ ಇಡಿ.

ಹುಬ್ಬಳ್ಳಿಯ ಎಕ್ಸ್ 32 ವಿಷಯ. 2012ರಲ್ಲಿ ಬಂದ ಆ ಮಿಕ್ಸರ್ ಇಂದಿಗೂ ಗಟ್ಟಿ ಕೆಲಸಗಾರ. ಮೂವತ್ತೆರಡು ಪ್ರೀಆಂಪ್, ಮೋಟಾರ್ ಫೇಡರ್, ಕಂಪ್ಯೂಟರಿಗೆ 32 ಚಾನೆಲ್ ಹೋಗಿ ಬರುತ್ತವೆ. ಸಭಾಭವನಕ್ಕಾದರೆ ಮರುಮಾತಿಲ್ಲದೆ ತೆಗೆದುಕೊಳ್ಳಿ ಎನ್ನುತ್ತಿದ್ದೆ. ನಿಮ್ಮ 12×14ರ ಕೋಣೆಯಲ್ಲಿ ಅದು ಒಂದು ಮಂಚದ ಜಾಗ ತಿನ್ನುತ್ತದೆ, ಆ ಜಾಗದಲ್ಲಿ ಮದ್ದಳೆಗಾರರು ಕೂರಬಹುದು. ಸೌಂಡ್ ಸರ್ವಿಸಿನಲ್ಲಿ ದುಡಿದ ಮಿಕ್ಸರ್ ಎಂದರೆ ಜಾತ್ರೆಯ ಧೂಳು, ಲಾರಿಯ ಕುಲುಕಾಟ, ಜನರೇಟರಿನ ಏರಿಳಿತ ಎಲ್ಲವನ್ನೂ ಉಂಡಿರುತ್ತದೆ. ಆದರೂ ಬೆಲೆ ಮನಸ್ಸಿಗೆ ಹಿಡಿಸಿದರೆ ಅರ್ಧ ದಿನ ಅಲ್ಲೇ ಕೂತು ಪರೀಕ್ಷಿಸಿ. ಎರಡು ಸೀನ್ ಮಾಡಿ, ಒಂದರಲ್ಲಿ ಎಲ್ಲ ಫೇಡರ್ ಕೆಳಗೆ, ಇನ್ನೊಂದರಲ್ಲಿ ಮೇಲೆ. ಒಂದರಿಂದ ಇನ್ನೊಂದಕ್ಕೆ ಹತ್ತು ಸಲ ಹೋಗಿ ಬನ್ನಿ. ತಡವರಿಸುವ ಫೇಡರ್ ತಾನೇ ಕಾಣಿಸಿಕೊಳ್ಳುತ್ತದೆ. ಪ್ರತಿ ಇನ್‌ಪುಟ್ಟಿಗೂ ಒಂದೇ ಕಂಡೆನ್ಸರ್ ಮೈಕ್ ಹಾಕಿ ಫ್ಯಾಂಟಮ್ ಪವರ್ (ಕಂಡೆನ್ಸರಿಗೆ ಮಿಕ್ಸರ್ ಮೈಕಿನ ತಂತಿಯಲ್ಲೇ ಕಳಿಸುವ ವಿದ್ಯುತ್) ಕೊಟ್ಟು, ಗೇನ್ (ಪ್ರೀಆಂಪ್ ಹಿಗ್ಗಿಸುವ ಮಟ್ಟ) ಏರಿಸಿ, ಹೆಡ್‌ಫೋನಿನಲ್ಲಿ ಕೇಳಿ. ಒಂದರಲ್ಲಿ ಮಾತ್ರ ಚರಚರ ಬಂದರೆ ಆ ಪ್ರೀಆಂಪ್ ದಣಿದಿದೆ. ಮಲ್ಟಿಮೀಟರ್ ಇದ್ದರೆ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಮೈಕ್ ಸಾಕೆಟ್ಟಿನ ಒಂದು ಮತ್ತು ಎರಡನೇ ಪಿನ್ನಿನ ನಡುವೆ, ಆಮೇಲೆ ಒಂದು ಮತ್ತು ಮೂರರ ನಡುವೆ 48 ವೋಲ್ಟಿನ ಆಸುಪಾಸು ಇದೆಯೇ ನೋಡಿ. ಮಿಕ್ಸರಿನ ಹಿಂಬದಿಯ ರೆಕಾರ್ಡಿಂಗ್ ಕಾರ್ಡಿನ ಮೂಲಕ ನಿಮ್ಮದೇ ಲ್ಯಾಪ್‌ಟಾಪಿಗೆ ಒಂದು ಗಂಟೆ ಮೂವತ್ತೆರಡೂ ಚಾನೆಲ್ ರೆಕಾರ್ಡ್ ಮಾಡಿ ನೋಡಿ. ಆ ಕಾರ್ಡ್ ಎಕ್ಸ್-ಲೈವ್ ಆಗಿದ್ದರೆ ನಿಮ್ಮ ಅದೃಷ್ಟ, ಅದು ಎಸ್‌ಡಿ ಕಾರ್ಡಿಗೂ 32 ಟ್ರ್ಯಾಕ್ ಬರೆಯುತ್ತದೆ.

ಇನ್ನೊಂದು ಪರೀಕ್ಷೆ ಸ್ಟುಡಿಯೊದವರೇ ಮಾಡಬೇಕಾದದ್ದು, ಸೌಂಡ್ ಸರ್ವಿಸಿನವರಿಗೆ ಅದು ತೋಚುವುದೇ ಇಲ್ಲ. ಕೋಣೆಯ ಸೀಲಿಂಗ್ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಮಿಕ್ಸರಿನಿಂದ ಒಂದು ಮೀಟರ್ ದೂರದಲ್ಲಿ ಕಂಡೆನ್ಸರ್ ಇಟ್ಟು ಕೇಳಿ. ಮಿಕ್ಸರಿನ ಒಳಗಿನ ಫ್ಯಾನ್ ಕೇಳಿಸುತ್ತದೆಯೇ? ಗದ್ದಲದ ಸಭಾಂಗಣದಲ್ಲಿ ಗೊತ್ತೇ ಆಗದ ಆ ಸದ್ದು ನಿಮ್ಮ ಗಾಯಕಿಯ ಉಸಿರಿನ ನಡುವೆ ಕೂತಿರುತ್ತದೆ. ನಿಮಗಿರುವುದು ಒಂದೇ ಕೋಣೆ. ಹೊಸದನ್ನು ಕೊಳ್ಳುವಾಗಲೂ ಈ ಪರೀಕ್ಷೆ ಬಿಡಬೇಡಿ.

ಹಳೆಯದರಲ್ಲಿ ಫೈರ್‌ವೈರ್ ಎಂಬ ಹಳೆಯ ಬಗೆಯ ಪೋರ್ಟಿನ ಮಿಕ್ಸರ್ ಮಾತ್ರ ಬೇಡ. 2009ರ ಪ್ರಿಸೋನಸ್ ಸ್ಟುಡಿಯೊಲೈವ್ 16.4.2 ಮಾದರಿಯವು ಅಗ್ಗಕ್ಕೆ ಸಿಗುತ್ತವೆ, ನೋಡಲು ಆಸೆಯಾಗುತ್ತದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಸಿಕ್ಕಿಸಲು ಪೋರ್ಟೇ ಇಲ್ಲ.

96 ಕಿಲೋಹರ್ಟ್ಸ್ ಬೇಡ. 48ರಲ್ಲಿ, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಎಕ್ಸ್‌ಆರ್ 18, ಎಕ್ಸ್ 32, ಯುಐ 24ಆರ್ ಎಲ್ಲವೂ ಅಲ್ಲಿಗೇ ನಿಲ್ಲುತ್ತವೆ, ಅದರಿಂದ ನಿಮ್ಮ ಕೆಲಸಕ್ಕೆ ಯಾವ ಕೊರತೆಯೂ ಆಗದು. 48ರಲ್ಲಿ ಹದಿನಾರು ಟ್ರ್ಯಾಕ್ ಗಂಟೆಗೆ ಸುಮಾರು 8.3 ಜಿಬಿ ಆಗುತ್ತದೆ. ಮೂರು ಗಂಟೆಯ ಪ್ರಸಂಗಕ್ಕೆ 25. 96ರಲ್ಲಿ ಅದರ ಎರಡರಷ್ಟು. ವರ್ಷಕ್ಕೆ ಹನ್ನೆರಡು ಪ್ರಸಂಗ, ಪ್ರತಿಯೊಂದಕ್ಕೂ ಎರಡು ಪ್ರತಿ ಎಂದು ಲೆಕ್ಕ ಹಾಕಿ, ಡಿಸ್ಕಿಗೆ ಹಣ ಎತ್ತಿಡಿ.

ಒಂದೂವರೆ ಲಕ್ಷದಲ್ಲಿ ಮಿಕ್ಸರಿಗೆ ಅರ್ಧದ ಮೇಲೆ ಹೋಗಬೇಡಿ. ಉಳಿದದ್ದರಲ್ಲಿ ಮೊದಲು ಯುಪಿಎಸ್. ಆಮೇಲೆ ಮೈಕ್: ನಿಮ್ಮಲ್ಲಿ ಆರಿವೆ, ಇನ್ನೂ ನಾಲ್ಕು ಬೇಕು. ಚಂಡೆಗೂ ಮದ್ದಳೆಗೂ ಶೂರ್ ಎಸ್‌ಎಂ57 ಥರದ ಡೈನಾಮಿಕ್ಕೇ ಸರಿ, ಏಟಿಗೆ ಬೆದರುವುದಿಲ್ಲ. ಶ್ರುತಿ ಪೆಟ್ಟಿಗೆಯ ಲೈನನ್ನು ಮೈಕ್ ಇನ್‌ಪುಟ್ಟಿಗೆ ಹೊಂದಿಸಲು ಒಂದು ಡಿಐ ಬಾಕ್ಸ್. ಒಳ್ಳೆಯ ಕೇಬಲ್. ಕಿವಿ ಪೂರ್ತಿ ಮುಚ್ಚುವ ಎರಡು ಹೆಡ್‌ಫೋನ್. ಕೋಣೆಗೆ ನಾಲ್ಕು ಇಂಚು ದಪ್ಪದ ರಾಕ್‌ವೂಲ್ ಹಲಗೆಗಳನ್ನು ಬಟ್ಟೆ ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿ. ಸದ್ಯಕ್ಕೆ ಆಗದಿದ್ದರೆ ಹಳೆಯ ಹತ್ತಿಯ ಹಾಸಿಗೆಗಳನ್ನೇ ಗೋಡೆಗೆ ಒರಗಿಸಿ. ಗೋಡೆಗೆ ತೆಳ್ಳಗಿನ ಫೋಮ್ ಅಂಟಿಸುವುದು ದಂಡ. ಅದು ತಾಳದ ಕಿಣಿಕಿಣಿಯನ್ನು ನುಂಗುತ್ತದೆ, ಮದ್ದಳೆಯ ಗುಂಯ್ಕಾರವನ್ನು ಹಾಗೇ ಬಿಡುತ್ತದೆ. ಕೋಣೆ ಮಂಕಾಗಿ ಕೇಳುತ್ತದೆ.

ಗೇನ್ ಇಡುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಹಳೆಯ ಟೇಪಿನ ಕಾಲದ ಅಭ್ಯಾಸ, ಸೂಜಿ ಕೆಂಪಿನ ಹತ್ತಿರ ಇರಲಿ ಎಂಬುದು. ಡಿಜಿಟಲ್‌ನಲ್ಲಿ ಸೊನ್ನೆ ದಾಟಿದ್ದು ಒಡೆದೇ ಹೋಯಿತು. 24 ಬಿಟ್‌ನಲ್ಲಿ ಕೆಳಗೆ ಬೇಕಾದಷ್ಟು ಜಾಗವಿದೆ. ಚಂಡೆಯವರಿಗೆ "ಸ್ವಲ್ಪ ಬಾರಿಸಿ" ಎಂದರೆ ಅವರು ಮೆಲ್ಲಗೆ ನಾಲ್ಕು ಪೆಟ್ಟು ಹಾಕುತ್ತಾರೆ. ಅದಕ್ಕೆ ಗೇನ್ ಇಟ್ಟರೆ ಯುದ್ಧದ ಪದ್ಯ ಏರಿದಾಗ ಟ್ರ್ಯಾಕ್ ಪೂರ್ತಿ ಕೆಂಪು. "ಪೂರಾ ಏರಿನಲ್ಲಿ ಬಾರಿಸಿ" ಎಂದು ಕೇಳಿ, ಅರ್ಧ ನಿಮಿಷ ಬಿಡದೆ ಬಾರಿಸಲು ಹೇಳಿ, ಅದರ ತುದಿ ಸೊನ್ನೆಗಿಂತ 12 ಡೆಸಿಬೆಲ್ ಕೆಳಗೆ ಬೀಳುವಂತೆ ಇಡಿ. ಪ್ರಸಂಗದ ಬಿಸಿಯಲ್ಲಿ ಅವರು ಅದಕ್ಕಿಂತಲೂ ಮೇಲೆ ಹೋಗುತ್ತಾರೆ, ಆ ಜಾಗ ಅದಕ್ಕೇ. ಸರಿಯಾಯಿತು ಎನಿಸಿದ ಮೇಲೆ "ತಾಳಮದ್ದಳೆ" ಎಂದು ಸೀನ್ ಉಳಿಸಿ. ಗೇನ್ ಕೂಡ ಸೀನಿನಲ್ಲಿ ಉಳಿಯುವುದು ಯುಐ 24ಆರ್, ಎಕ್ಸ್‌ಆರ್ 18ರಂಥ ಮಿಕ್ಸರುಗಳ ದೊಡ್ಡ ಗುಣ. ಮರುದಿನ ಗಾಯಕಿ ಬಂದಾಗ "ಭಾವಗೀತೆ" ಸೀನ್ ತೆರೆದರೆ ಒಂದು ಮೈಕ್, ರೀವರ್ಬ್, ಹೆಡ್‌ಫೋನ್ ಮಿಕ್ಸ್ ಎಲ್ಲ ಅವರಿಗಾಗಿ ಕಾದಿರುತ್ತವೆ.

ಹೊರಗಿನ ಕಾರ್ಯಕ್ರಮಕ್ಕೆ ಧಾರಾಳವಾಗಿ ಒಯ್ಯಿರಿ, ಈ ಮಿಕ್ಸರುಗಳು ಮೂಲತಃ ಹುಟ್ಟಿದ್ದೇ ಅದಕ್ಕೆ. ರೌಟರ್ ನಿಮ್ಮದೇ ಇರಲಿ, 5 ಗಿಗಾಹರ್ಟ್ಸ್‌ನಲ್ಲಿ ಇಡಿ. ಸಭೆಯಲ್ಲಿ ಕೂತ ನೂರಾರು ಫೋನುಗಳ ನಡುವೆ ಹಳೆಯ 2.4 ಕೆಲಸ ಮಾಡುವುದಿಲ್ಲ. ಮಿಕ್ಸರ್ ವೇದಿಕೆಯ ಪಕ್ಕದಲ್ಲೇ ಇರುವುದರಿಂದ ಮೈಕಿನ ತಂತಿಗಳು ಗಿಡ್ಡವಾದರೂ ಸಾಕು.

ಕೊನೆಗೆ ನಿಮ್ಮ ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಏರ್ಪಾಡು. 12×14ರ ಕೋಣೆಯಲ್ಲಿ ಚಂಡೆ ಎಲ್ಲ ಮೈಕಿಗೂ ನುಗ್ಗುತ್ತದೆ. ಅರ್ಥಧಾರಿಯ ಮೈಕ್ ಮೂರು ಮೀಟರ್ ಆಚೆ ಇದ್ದರೆ ಚಂಡೆ ಅದಕ್ಕೆ ಸುಮಾರು ಒಂಬತ್ತು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಎರಡೂ ಸೇರಿ ಪೆಟ್ಟಿನ ಮೊನೆ ಮಸುಕಾಗುತ್ತದೆ. ಯಾವ ಮಿಕ್ಸರೂ ಇದನ್ನು ಬಿಡಿಸಲಾರದು. ನಿಮ್ಮ ಕೋಣೆಯ ಕಿಟಕಿ ಜಗಲಿಗೆ ತೆರೆಯುತ್ತದೆಯಾದರೆ ಚಂಡೆಯವರನ್ನು ಜಗಲಿಯಲ್ಲಿ, ಭಾಗವತರ ಮುಖ ಕಾಣುವ ಹಾಗೆ ಕೂರಿಸಿ. ಗಾಜು ಮುಚ್ಚಿ. ಬೇರೆ ಮಿಕ್ಸ್ ಹೊರಗೆ ಕೊಡುವ ಒಂದು ಆಕ್ಸ್ ಔಟ್‌ನಿಂದ ಹೆಡ್‌ಫೋನ್ ಆಂಪ್ಲಿಫೈಯರಿಗೆ ತಂತಿ ಎಳೆದು, ಅವರ ಹೆಡ್‌ಫೋನಿಗೆ ಭಾಗವತರ ದನಿ, ತಾಳ, ಮದ್ದಳೆಯ ಬಲ ಇಷ್ಟನ್ನೇ ಕೊಡಿ. ಅವರದೇ ಚಂಡೆ ಕೊಡಬೇಡಿ, ಅದು ಅವರಿಗೆ ಹೇಗೂ ಕೇಳುತ್ತದೆ. ಮೊದಲ ಪದ್ಯಕ್ಕೆ ಅವರಿಗೆ ಇರಿಸುಮುರುಸಾಗುತ್ತದೆ, ಹೆಡ್‌ಫೋನ್ ಹಾಕಿ ಚಂಡೆ ಬಾರಿಸಿದವರು ನಮ್ಮಲ್ಲಿ ಕಡಿಮೆ. ಆದ್ದರಿಂದ ರೆಕಾರ್ಡಿಂಗಿನ ದಿನ ಒಂದು ಗಂಟೆ ಮೊದಲೇ ಬರಲು ಹೇಳಿ, ಪ್ರಸಂಗದಲ್ಲಿಲ್ಲದ ಎರಡು ಪದ್ಯ ಹೀಗೆ ಕೂತು ಬಾರಿಸಲಿ, ದನಿ ಹೆಚ್ಚು ಕಡಿಮೆ ಅವರೇ ಹೇಳಲಿ. ಅವರ ಹೆಡ್‌ಫೋನ್ ಮಿಕ್ಸನ್ನೂ ಅದೇ ಸೀನಿನಲ್ಲಿ ಉಳಿಸಿಡಿ.